ಜಬಲ್ಪುರದ ಲೋಡಿನ ಪರ್ಮಿಟ್

ಆ ದಿನ ಬೆಳಗ್ಗೆ ಆಷಾಢದ ಗಾಳಿ ಎದ್ದಿತ್ತು. ಮಳೆ ಎಂದು ಕರೆಯುವಷ್ಟು ಮಳೆಯಲ್ಲ. ಜರಡಿಯಿಂದ ಉದುರುವ ಹಿಟ್ಟಿನಂತೆ ಸಣ್ಣ ಹನಿ, ಗಾಳಿ ನೂಕಿದ ಕಡೆಗೆ ವಾಲಿ ವಾಲಿ ಬೀಳುತ್ತಿತ್ತು. ಟಿನ್ ಫ್ಯಾಕ್ಟರಿ ದಾಟಿ ಹಳೇ ಮದ್ರಾಸ್ ರಸ್ತೆಯ ಬದಿಯಲ್ಲಿದ್ದ ಮುನಿಆಂಜನಪ್ಪನವರ ಲಾರಿ ಯಾರ್ಡಿನಲ್ಲಿ ನೆಲವೆಲ್ಲ ಕೆಸರು, ಕೆಸರಿನ ಮೇಲೆ ಡೀಸೆಲ್ಲಿನ ಬಣ್ಣದ ಪಸೆ. ಬೇವಿನ ಮರದ ಕೆಳಗಿನ ಮುನೇಶ್ವರನ ಗುಡಿಯಲ್ಲಿ ದೀಪ ಮಾತ್ರ ಅಲುಗಾಡದೆ ಉರಿಯುತ್ತಿತ್ತು.

ಗಂಟೆ ಐದೂವರೆ. ಜಬಲ್ಪುರಕ್ಕೆ ಹೊರಟ ಲಾರಿ ಗೇಟಿನ ಬಳಿ ಗುರುಗುಟ್ಟುತ್ತ ನಿಂತಿತ್ತು. ಒಂಬತ್ತು ಟನ್ ಯಂತ್ರದ ಭಾಗಗಳು. ಮೇಲೆ ಬಿಗಿದ ಟಾರ್ಪಾಲು. ಚಕ್ರದ ಕೆಳಗೆ ನಿಂಬೆಹಣ್ಣು. ಸ್ಟೀರಿಂಗ್ ಹಿಂದೆ ಡ್ರೈವರ್ ಸನಾವುಲ್ಲಾ. ಜೊತೆಯ ಡ್ರೈವರ್ ದೇವನಹಳ್ಳಿಯಲ್ಲಿ ಹತ್ತುವವನಿದ್ದ.

ಆಗ ಕ್ಲರ್ಕ್ ಸಿದ್ಧಲಿಂಗೇಶ ಕೊಡೆ ಹಿಡಿದು ಓಡುತ್ತ ಬಂದ.

"ಒಂದ್ ನಿಮಿಷ ತಡೀರಿ ಸನಾವುಲ್ಲಾಣ್ಣಾ! ಕಾಗದದ ಗಂಟು ಕೊಡ್ರಿ. ಪರ್ಮಿಟ್ ಒಮ್ಮಿ ನೋಡ್ಬೇಕು."

"ಈಗಾ? ಆರು ಗಂಟೆ ಆದ್ರೆ ದೇವನಹಳ್ಳಿ ರೋಡಲ್ಲಿ ಟ್ರ್ಯಾಕ್ಟರ್ ಎಲ್ಲಾ ಇಳಿತದೆ ಸ್ವಾಮಿ."

"ಇಳೀಲಿ ಬಿಡ್ರಿ. ನೋಡಲಾರದ ಕಳಸಾಂಗಿಲ್ಲ ನಾನು."

ರಾತ್ರಿ ಗುಡಿಯಲ್ಲಿ ಪೂಜೆಗಿಟ್ಟಿದ್ದ ಕೆಂಪು ಬಟ್ಟೆಯ ಗಂಟು ಕೆಳಗೆ ಬಂತು. ಸಿದ್ಧಲಿಂಗೇಶ ಬಾನೆಟ್ಟಿನ ಮೇಲಿಟ್ಟು ಬಿಚ್ಚಿದ. ಒಂದೊಂದೇ ಕಾಗದ ತಿರುವಿದ. ಮತ್ತೆ ಮೊದಲಿಂದ ತಿರುವಿದ. ಅವನ ಮುಖ ಬಿಳುಚಿತು.

ಪರ್ಮಿಟ್ ಇರಲಿಲ್ಲ.

ಮುಂದಿನ ಅರ್ಧ ಗಂಟೆ ಯಾರ್ಡಿನಲ್ಲಿ ಹುಡುಕಾಟ, ಕೂಗಾಟ. ಕ್ಯಾಬಿನ್ನಿನ ಸೀಟು ಎತ್ತಿದರು, ಸನಾವುಲ್ಲಾನ ಹಾಸಿಗೆ ಒದರಿದರು, ಟಿಫಿನ್ ಡಬ್ಬಿಯನ್ನೂ ಬಿಡಲಿಲ್ಲ. ಕೊನೆಗೆ ಮಾಲೀಕ ಮುನಿಆಂಜನಪ್ಪ ಪಂಚೆ ಎತ್ತಿ ಕಟ್ಟಿ ಕೆಸರಿಗೆ ಇಳಿದರು.

"ಗುಡಿಯಿಂದ ಗಂಟು ತಗೊಂಡೋನು ಯಾರ್ಲಾ?"

"ನಾನೇ ಅಣ್ಣಾ. ಐದು ಗಂಟೆಗೆ. ಕೈಕಾಲು ತೊಳ್ಕೊಂಡು ತಗೊಂಡೆ, ಕ್ಯಾಬಿನ್ನಲ್ಲಿ ಇಟ್ಟೆ. ಬಿಚ್ಚಿಲ್ಲ. ಅಲ್ಲಾ ಮೇಲಾಣೆ."

"ನಿನ್ನೆ ಈ ಟ್ರಿಪ್ ಬೇಡ ಅಂತ ಕೂಗಾಡ್ದೋನು ಯಾರು?"

ಸನಾವುಲ್ಲಾ ತಲೆ ತಗ್ಗಿಸಿದ. "ಟ್ರಿಪ್ ಬೇಡ ಅನ್ನಿಲ್ಲ ಅಣ್ಣಾ. ಒಬ್ಬನೇ ಎರಡು ದಿನದಲ್ಲಿ ಸಾವಿರದ ಮುನ್ನೂರು ಕಿಲೋಮೀಟರ್ ಹೊಡಿಯಕ್ಕಾಗಲ್ಲ ಅಂದೆ."

"ಲೈಸೆನ್ಸ್ ಕೊಡು ಇಲ್ಲಿ."

ಹದಿನಾಲ್ಕು ವರ್ಷ ಆ ಯಾರ್ಡಿನ ಅನ್ನ ಉಂಡವನು ಮರುಮಾತಾಡದೆ ಜೇಬಿನಿಂದ ಲೈಸೆನ್ಸ್ ತೆಗೆದುಕೊಟ್ಟ. ಮುನಿಆಂಜನಪ್ಪ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡರು.

"ಹತ್ತು ಗಂಟೆವರ್ಗೂ ಟೈಮು. ಅಷ್ಟರಲ್ಲಿ ಪರ್ಮಿಟ್ ಬರ್ಲಿಲ್ವಾ, ನೀನು ಸ್ಟೇಷನ್ನಿಗೆ."

ಹಳೇ ಮದ್ರಾಸ್ ರಸ್ತೆಯಲ್ಲಿ ಹೊಸಕೋಟೆಯವರೆಗೆ ಇದ್ದ ಎಲ್ಲ ಮಾಲೀಕರೂ ಒಬ್ಬರಿಗೊಬ್ಬರು ಬೇಕಾದವರು. ಲಾರಿಯ ಕಾಗದ ಮುಚ್ಚಿಟ್ಟ ಡ್ರೈವರ್ ಎಂಬ ಹೆಸರು ಒಮ್ಮೆ ಅಂಟಿದರೆ ಮತ್ತೊಬ್ಬರು ಅವನ ಕೈಗೆ ಸ್ಟೀರಿಂಗ್ ಕೊಡುವುದಿಲ್ಲ. ಅದು ಸನಾವುಲ್ಲಾನಿಗೂ ಗೊತ್ತು, ಲೈಸೆನ್ಸ್ ಕಿತ್ತುಕೊಂಡವರಿಗೂ ಗೊತ್ತು.

ಸಿದ್ಧಲಿಂಗೇಶ ಆಫೀಸಿಗೆ ಹೋಗಿ ಹಲಸೂರಿನ ಒಂದು ನಂಬರಿಗೆ ಫೋನ್ ಮಾಡಿದ. ಸನಾವುಲ್ಲಾನ ಬೀದಿಯಲ್ಲಿ ಫೋನಿದ್ದ ಮನೆ ಅದೊಂದೇ. ಫೋನ್ ಎತ್ತಿದವರು ಮಂಜುಳಮ್ಮ.

*

ಮಂಜುಳಮ್ಮ ಸಾರಿಗೆ ಕಚೇರಿಯ ಪರ್ಮಿಟ್ ವಿಭಾಗದಲ್ಲಿ ಮೂವತ್ತು ವರ್ಷ ಗುಮಾಸ್ತೆಯಾಗಿದ್ದು, ತೊಂಬತ್ತೈದನೇ ಇಸವಿಯಲ್ಲಿ ನಿವೃತ್ತರಾದವರು. ಈಗ ಎರಡು ವರ್ಷದಿಂದ ಬೆಳಗ್ಗೆ ಸೋಮೇಶ್ವರನ ದರ್ಶನ, ಸಂಜೆ ಪುರಾಣ ಶ್ರವಣ. ನಡುವೆ ಬೀದಿಯವರ ಅರ್ಜಿ ಬರೆದುಕೊಡುವುದು. ಸನಾವುಲ್ಲಾನ ಹೆಂಡತಿ ಕಮರುನ್ನೀಸಾ ಅವರ ರವಿಕೆ ಹೊಲಿಯುವವಳು. ಸುದ್ದಿ ಕೇಳಿ ಬಾಗಿಲಲ್ಲೇ ಕುಸಿದವಳನ್ನು ಎಬ್ಬಿಸಿ, ಆಟೋ ಹತ್ತಿಸಿ, ತಾವೂ ಹತ್ತಿದರು.

ಎಂಟು ಗಂಟೆಗೆ ಯಾರ್ಡು ತಲುಪಿದಾಗ ಅವರು ಮೊದಲು ಹೋದದ್ದು ಆಫೀಸಿಗಲ್ಲ. ಬೇವಿನ ಮರದ ಕೆಳಗೆ ಚಪ್ಪಲಿ ಬಿಟ್ಟು ಮುನೇಶ್ವರನ ಮುಂದೆ ಕಣ್ಣು ಮುಚ್ಚಿ ನಿಂತರು. ನಿನಗೆ ಎಲ್ಲ ಗೊತ್ತಿದೆ ತಂದೆ, ನನಗೆ ನೋಡುವ ಕಣ್ಣು ಕೊಡು. ಅಷ್ಟೇ ಕೇಳಿಕೊಂಡರು. ಆಮೇಲೆ ಸೆರಗಿನಿಂದ ಕನ್ನಡಕದ ಹನಿ ಒರೆಸಿಕೊಂಡು ಜಗಲಿ ಹತ್ತಿದರು.

"ಓಹೋ, ಮೇಡಂ! ಬನ್ನಿ ಬನ್ನಿ." ಮುನಿಆಂಜನಪ್ಪ ಎದ್ದು ನಿಂತರು. ಮಂಜುಳಮ್ಮನವರ ಕೌಂಟರಿನ ಮುಂದೆ ಎಷ್ಟೋ ಸಲ ಕೈಕಟ್ಟಿ ನಿಂತ ನೆನಪು ಅವರಿಗೆ ಇನ್ನೂ ಇತ್ತು. "ನೀವ್ಯಾಕೆ ತೊಂದ್ರೆ ತಗೊಂಡ್ರಿ?"

"ಕಾಗದ ಕಳೆದ್ರೆ ನನಗೆ ನಿದ್ದೆ ಬರಲ್ಲ ಆಂಜನಪ್ಪನವರೇ. ಹಳೇ ಚಾಳಿ. ಹತ್ತು ಗಂಟೆವರೆಗೂ ನಾಲ್ಕು ಮಾತು ಕೇಳಬಹುದಾ?"

"ಕೇಳಿ. ಕೇಳೋದೇನಿದೆ, ಕಳ್ಳ ಅಲ್ಲೇ ಕೂತವ್ನೆ."

ಲಾರಿಯ ಪಕ್ಕದಲ್ಲಿ ಸನಾವುಲ್ಲಾ ಕುಕ್ಕರಗಾಲಲ್ಲಿ ಕೂತಿದ್ದ. ಕಮರುನ್ನೀಸಾ ಬುರ್ಖಾದ ಅಂಚು ಕೆಸರಾಗುವುದನ್ನೂ ಲೆಕ್ಕಿಸದೆ ಅವನ ಪಕ್ಕದಲ್ಲಿ ಹೋಗಿ ಕೂತಳು.

ಒಳಗಿಂದ ಮಾಲೀಕರ ಮಗ ನಿತೀಶ್ ಬಂದ. ಇಪ್ಪತ್ತಾರರ ಹುಡುಗ, ಕಾಲೇಜು ಮುಗಿಸಿ ಎರಡು ವರ್ಷದಿಂದ ಯಾರ್ಡಿನ ಕಾಗದಪತ್ರ ನೋಡಿಕೊಳ್ಳುತ್ತಿದ್ದ. ಬೆಳಗಿನಿಂದ ಕೈಯಲ್ಲಿ ಬೈಕಿನ ಕೀ ತಿರುಗಿಸುತ್ತಲೇ ಇದ್ದ.

"ಅಪ್ಪಾ, ಟೆನ್ಷನ್ ಮಾಡ್ಕೋಬೇಡ. ಲೋಡ್ ಕೊಟ್ಟ ಪಾರ್ಟಿ ಹತ್ರ ನಾನು ಮಾತಾಡ್ತೀನಿ. ಬೇರೆ ಡ್ರೈವರ್ ಹಾಕಿ ಮಧ್ಯಾಹ್ನ ಕಳಿಸಿದ್ರಾಯ್ತು. ನಾಗಪುರದವರೆಗೂ ನಮ್ಮ ಗಾಡಿ ಹೋಗ್ಲಿ, ಅಲ್ಲಿಂದ ಮುಂದಕ್ಕೆ ಬೇರೆ ಗಾಡಿಗೆ ಲೋಡ್ ಹಾಕ್ಸೋಣ. ಅಲ್ಲೊಬ್ಬ ಬ್ರೋಕರ್‌ಗೆ ಹೇಳಿದೀನಿ."

"ನೋಡಿ ಮೇಡಂ, ಹುಡುಗನಿಗಿರೋ ಬುದ್ಧಿ ಆ ವಯಸ್ಸಾದವನಿಗಿಲ್ಲ," ಎಂದರು ಮುನಿಆಂಜನಪ್ಪ.

ಮಂಜುಳಮ್ಮ ನಿತೀಶನ ಮುಖವನ್ನು ಒಂದು ಗಳಿಗೆ ನೋಡಿದರು.

"ಆ ಗಂಟು ತೋರಿಸಿ."

ಮೇಜಿನ ಮೇಲೆ ಒಂದೊಂದೇ ಹರಡಿದರು. ಮೇಲೆ ಮೂಲೆಗೆ ಅರಿಶಿನ ತಾಗಿದ್ದ ಇನ್ಶೂರೆನ್ಸು. ಕೆಳಗೆ ಆರ್‌ಸಿ ಪುಸ್ತಕ, ಗಾಡಿ ಓಡಲು ಯೋಗ್ಯ ಎಂಬ ಎಫ್‌ಸಿ, ತೆರಿಗೆ ರಸೀತಿಗಳು, ಸರಕಿನ ಬಿಲ್ಲು. ಎಲ್ಲವೂ ಸರಿಯಾಗಿತ್ತು. ಮಡಚಿಟ್ಟು ಗಂಟನ್ನು ತಮ್ಮ ಹತ್ತಿರವೇ ಇಟ್ಟುಕೊಂಡರು.

"ಸಿದ್ಧಲಿಂಗೇಶಪ್ಪಾ, ದಾರಿಯ ಚಾರ್ಟ್ ಬರೆದವರು ನೀವೇನಾ?"

"ಹೌದ್ರಿ ಅಕ್ಕಾರ. ನಾನಾ ಬರೆದೀನ್ರಿ." ಯಾದಗಿರಿ ಕಡೆಯವನು. ಯುಗಾದಿ ಆದಮೇಲೆ ಕೆಲಸಕ್ಕೆ ಸೇರಿದವನು. ಹೊಸಬನ ಮೇಲೂ ಯಾರ್ಡಿನ ಕಣ್ಣಿತ್ತು. "ಓದ್ಲೇನ್ರಿ?"

"ಓದಿ."

"ಬೆಳಿಗ್ಗೆ ಐದೂವರಿಗೆ ಬಿಡೋದು. ಪ್ಯಾಟಿ ಒಳಗ ಹೋಗಬ್ಯಾಡ್ರಿ, ಬೂದಿಗೆರೆ ಮ್ಯಾಲಿಂದ ದೇವನಹಳ್ಳಿ. ಬಾಗೇಪಲ್ಲಿ ದಾಟಿದ ಕೂಡಲೇ ಆಂಧ್ರದ ಚೆಕ್‌ಪೋಸ್ಟ್. ಪರ್ಮಿಟ್ ತೋರಸಬೇಕು, ಸರಕಿಗೆ ಪಾಸ್ ತಗೋಬೇಕು, ಆ ಪಾಸ್ ಆಂಧ್ರ ಬಿಡೋ ಮುಂದ ವಾಪಸ್ ಕೊಡಬೇಕು. ಮರೆತ್ರ ಸರಕು ಅಲ್ಲೇ ಮಾರೀರಿ ಅಂತಾರ. ಹೈದರಾಬಾದಿನ್ಯಾಗ ಹಗಲ ಹೊತ್ತು ಲಾರಿ ಬಿಡಾಂಗಿಲ್ಲ, ಊರ ಹೊರಗ ನಿದ್ದಿ. ಆಮ್ಯಾಲ ಮಹಾರಾಷ್ಟ್ರ, ನಾಗಪುರ. ಅಲ್ಲಿಂದ ಮಧ್ಯಪ್ರದೇಶದ ಗಡಿ, ಕಾಡಿನ ಘಾಟು. ಹಗಲಾಗ ಅಷ್ಟ ದಾಟಬೇಕು. ಇಬ್ಬರು ಡ್ರೈವರ್, ಒಬ್ಬನಿಗೆ ದಿನಕ್ಕ ಎಂಟ್ ತಾಸಿಗಿಂತ ಹೆಚ್ಚು ಸ್ಟೀರಿಂಗ್ ಇಲ್ಲ. ನಾಲ್ಕು ದಿನ."

"ಚೆನ್ನಾಗಿದೆ," ಎಂದರು ಮಂಜುಳಮ್ಮ. "ನಾಲ್ಕು ರಾಜ್ಯ. ಪರ್ಮಿಟ್ಟಿನಲ್ಲಿ ನಾಲ್ಕೂ ಹೆಸರಿದೆ ಅಂತ ನೋಡಿ ಬರೆದ್ರಾ?"

ಸಿದ್ಧಲಿಂಗೇಶ ನಿತೀಶನ ಕಡೆ ನೋಡಿ, ಮತ್ತೆ ನೆಲ ನೋಡಿದ.

"ಹೋದ ವರ್ಷದ ನಕಲು ಫೈಲಿನ್ಯಾಗ ಇತ್ರಿ, ಅದನ್ನ ನೋಡಿ ಬರೆದೆ. ಈ ವರ್ಷದ್ದು ನಿತೀಶ್ ಸಾಹೇಬ್ರ ಡ್ರಾದಾಗ ಇರ್ತದ. ನಿನ್ನಿ ಮಧ್ಯಾಹ್ನ ಮೂರಕ್ಕ ಕೇಳಿದೆ. ಗಂಟು ಕಟ್ಟಿ ಆಗೇದ, ಅಜ್ಜಿ ಪೂಜಿದು ಬಿಚ್ಚಬಾರದು ಅಂದ್ರು. ಸಂಜಿ ಮುಂದ ಗಂಟು ನನ್ನ ಕೈಯಾಗ ಕೊಟ್ರು. ನಾನಾ ಒಯ್ದು ಅಜ್ಜಿಗೆ ಕೊಟ್ಟೆ. ರಾತ್ರಿಯೆಲ್ಲಾ ಸಮಾಧಾನ ಇಲ್ರಿ. ಅದಕ್ಕ ಮುಂಜಾನೆ ಬಿಚ್ಚಿದೆ."

"ಅಂದ್ರೆ ಗಂಟು ನಿನ್ ಕೈಲೂ ಇತ್ತು!" ಮುನಿಆಂಜನಪ್ಪನವರ ಕಣ್ಣು ಸಣ್ಣದಾಯಿತು. "ಹೇಳ್ಲೇ ಇಲ್ವಲ್ಲಯ್ಯಾ ಇದನ್ನ?"

"ಕೇಳ್ಲಿಲ್ಲಲ್ರಿ ಯಾರೂ."

"ಅಪ್ಪಾ, ಇವನೂ ಆ ಡ್ರೈವರೂ ಒಂದೇ ಪಾರ್ಟಿ," ಎಂದ ನಿತೀಶ್. "ನಿನ್ನೆ ಇಬ್ರೂ ಸೇರಿ ನನ್ನ ಎರಡು ದಿನದ ಪ್ಲಾನ್ ಹರಿದು ಹಾಕಿದ್ರು."

ಜಗಲಿಯ ಮೇಲೆ ಒಬ್ಬರು ಮತ್ತೊಬ್ಬರ ಮುಖ ನೋಡುವುದೂ ಕಷ್ಟವಾಯಿತು. ಸಂಶಯ ಬಂದ ಮನೆಯ ಗಾಳಿಯೇ ಬೇರೆ. ಕುಡಿಯಲು ಕೊಟ್ಟ ನೀರನ್ನೂ ಒಮ್ಮೆ ನೋಡಿ ಕುಡಿಯುವಂತೆ ಆಗುತ್ತದೆ.

*

ಮಂಜುಳಮ್ಮ ಎದ್ದು ಹಿತ್ತಲ ಕಡೆಯ ಪಡಸಾಲೆಗೆ ಹೋದರು. ಅಲ್ಲಿ ಮುನಿಆಂಜನಪ್ಪನವರ ತಾಯಿ ಮಾರಕ್ಕ ಮೊರದಲ್ಲಿ ರಾಗಿ ಕೇರುತ್ತ ಕೂತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಎರಡೂ ಕಣ್ಣಿಗೆ ಪೊರೆ. ರಾಗಿಯನ್ನು ನೋಡದೆ ಕೈಯಲ್ಲೇ ಕಲ್ಲು ಗುರುತಿಸಿ ಎಸೆಯುತ್ತಿದ್ದರು.

"ಯಾರವ್ವಾ ಅದು? ಕೂತ್ಕ ಬಾ. ಮಣೆ ಹಾಕ್ಕ."

"ಹಲಸೂರಿನ ಮಂಜುಳಾ ಅಮ್ಮಾ. ನಿನ್ನೆ ಕಾಗದಕ್ಕೆ ಪೂಜೆ ಮಾಡಿದ್ರಂತೆ?"

"ಊಂ. ಎಲ್ಲಾರೂ ಗಾಡಿಗೆ ಮಾಡ್ತಾರೆ, ನಾನು ಕಾಗ್ದಕ್ಕೂ ಮಾಡ್ತೀನಿ. ಗಡೀಲಿ ನಿಲ್ಲಿಸೋನು ಗಾಡಿ ನೋಡ್ತಾನಾ? ಕಾಗ್ದ ತಾನೆ ನೋಡೋದು!" ಮುದುಕಿ ನಕ್ಕರು. "ಅದಕ್ಕೂ ದೇವ್ರ ಕಾಪು ಬೇಕಲ್ಲ."

"ಹೇಗೆ ಮಾಡ್ತೀರಿ?"

"ದೀಪ ಹಚ್ಚೋ ಹೊತ್ನಲ್ಲಿ ಗಂಟು ಬಿಚ್ತೀನಿ. ಮೇಲ್ಗಡೆ ಪರ್ಮಿಟ್ಟೇ ಇರ್ತದೆ, ಅದೇ ಮೊದ್ಲು ಕೇಳೋದಂತೆ. ಮೂಲೇಲಿ ಒಂದು ಬೊಟ್ಟು ಅರಿಶ್ನ ಇಕ್ಕಿ, ಕಟ್ಟಿ, ಮುನೇಶ್ವರನ ಪಾದದಲ್ಲಿ ಮಡಗ್ತೀನಿ. ಒಂದ್ ಟ್ರಿಪ್ಪಿಗೆ ಒಂದೇ ಬೊಟ್ಟು. ಈ ಕಣ್ಣಿಗೆ ಅಕ್ಷರ ಕಾಣ್ದು, ಮೂಲೆ ಕೈಗೆ ಸಿಗ್ತದೆ."

"ನಿನ್ನೆ ಆಮೇಲೆ ಗುಡಿ ಬಾಗಿಲು?"

"ಬೀಗ ಹಾಕ್ದೆ. ಬೀಗದಕೈ ನನ್ ಸೊಂಟದಲ್ಲಿ. ಬೆಳಗ್ಗೆ ಐದಕ್ಕೆ ನಾನೇ ತೆಗೆದೆ. ಸನಾವುಲ್ಲಾ ಬಂದು ತಗೊಂಡ. ಪಾಪ, ಅವನು ಚಪ್ಪಲಿ ಅಷ್ಟ್ ದೂರ ಬಿಟ್ಟು ಬರ್ತಾನೆ. ನನ್ ಮೊಮ್ಮಗ ಬೂಟ್ಸಲ್ಲೇ ಬತ್ತಾನೆ."

"ಸನಾವುಲ್ಲಾ ನಿನ್ನೆ ದೀಪ ಹಚ್ಚೋವಾಗ ಇಲ್ಲಿದ್ನಾ?"

"ಎಲ್ಲಿ? ಬೆಳಗ್ಗೆ ಜಗಳ ಆಡ್ಕೊಂಡು ಮನೆಗೋದೋನು ರಾತ್ರಿ ಒಂಬತ್ತಕ್ಕೆ ಬಂದ. ನಾನೇ ಮುದ್ದೆ ಇಕ್ಕಿದ್ದು."

ಮಂಜುಳಮ್ಮ ಮುದುಕಿಯ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಹೊರಗೆ ಬಂದು ಕಮರುನ್ನೀಸಾಳನ್ನು ಕೇಳಿದರು.

"ನಿನ್ನೆ ಇವರು ಎಷ್ಟು ಹೊತ್ತು ಮನೇಲಿದ್ರು?"

"ಹನ್ನೊಂದು ಗಂಟೆಯಿಂದ ಎಂಟರತನಕ ಮಂಜುಳಾ ಅಕ್ಕಾ. ನೀವೇ ನೋಡಿದ್ರಲ್ಲಾ, ಸಾಯಂಕಾಲ ನಿಮ್ಮ ಮನೆ ಮುಂದೆ ನಲ್ಲಿ ರಿಪೇರಿ ಮಾಡ್ತಾ ಇದ್ರು."

"ಹೌದಲ್ಲಾ," ಎಂದರು ಮಂಜುಳಮ್ಮ. "ನನ್ನ ನಲ್ಲಿಯೇ ಅದು."

*

ಒಂಬತ್ತೂವರೆಗೆ ಎಲ್ಲರನ್ನೂ ಜಗಲಿಗೆ ಕರೆದರು. ಮಾರಕ್ಕನನ್ನೂ ಕೈಹಿಡಿದು ತಂದು ಕೂರಿಸಿದರು. ಸನಾವುಲ್ಲಾ ಮಾತ್ರ ಮೆಟ್ಟಿಲು ಹತ್ತಲಿಲ್ಲ, ಕೆಳಗೇ ನಿಂತ.

ಮಂಜುಳಮ್ಮ ಗಂಟು ಬಿಚ್ಚಿ, ಮೇಲಿದ್ದ ಕಾಗದವನ್ನು ಎತ್ತಿ ಹಿಡಿದರು.

"ಆಂಜನಪ್ಪನವರೇ, ಇದೇನು?"

"ಇನ್ಶೂರೆನ್ಸು."

"ಮೂಲೆಯಲ್ಲಿ?"

"ಅರಿಶ್ನ. ಅಮ್ಮ ಇಟ್ಟಿರ್ತಾರೆ. ಈ ಯಾರ್ಡಲ್ಲಿ ಅರಿಶ್ನ ತಾಗ್ದಿರೋ ವಸ್ತು ಯಾವ್ದಿದೆ ಮೇಡಂ?"

"ಅದಕ್ಕೇ ಯಾರ ಕಣ್ಣಿಗೂ ಬೀಳಲಿಲ್ಲ. ಎಷ್ಟು ಬೊಟ್ಟಿದೆ ನೋಡಿ."

"ಒಂದು."

"ಏಪ್ರಿಲ್ಲಿಂದ ಈ ಇನ್ಶೂರೆನ್ಸು ಈ ಗಂಟಿನಲ್ಲೇ ಇದೆ. ಎಷ್ಟೋ ಸಲ ಪೂಜೆಗೆ ಬಂದಿದೆ. ಒಂದು ಸಲವೂ ಅರಿಶಿನ ತಾಗಲಿಲ್ಲ. ಯಾಕೆ? ಅದರ ಮೇಲೆ ಯಾವಾಗಲೂ ಪರ್ಮಿಟ್ ಇರ್ತಿತ್ತು. ಅಮ್ಮ ಬೊಟ್ಟಿಡೋದು ಮೇಲಿನ ಕಾಗದಕ್ಕೆ. ನಿನ್ನೆ ಸಂಜೆ ಮಾತ್ರ ಬೊಟ್ಟು ಇದಕ್ಕೆ ಬಿತ್ತು. ಹಾಗಿದ್ರೆ ಪರ್ಮಿಟ್ ಎಲ್ಲಿತ್ತು?"

ಮಾರಕ್ಕನ ಕೈ ಬಾಯಿಯ ಮೇಲೆ ಹೋಯಿತು.

"ದೀಪ ಹಚ್ಚುವ ಹೊತ್ತಿಗೇ ಅದು ಗಂಟಿನಲ್ಲಿ ಇರಲಿಲ್ಲ. ಆಗ ಸನಾವುಲ್ಲಾ ಹಲಸೂರಿನಲ್ಲಿ ನನ್ನ ಮನೆ ಮುಂದೆ ಸ್ಪ್ಯಾನರ್ ಹಿಡಿದು ಕೂತಿದ್ದ. ಸಾಕ್ಷಿ ನಾನೇ. ಆಮೇಲೆ ಗುಡಿಗೆ ಬೀಗ. ಅವನು ಮುಟ್ಟಿದ್ದು ಪರ್ಮಿಟ್ ಇಲ್ಲದ ಗಂಟನ್ನ."

"ಹಂಗಾದ್ರೆ—" ಮುನಿಆಂಜನಪ್ಪ ಗಕ್ಕನೆ ಸಿದ್ಧಲಿಂಗೇಶನ ಕಡೆ ತಿರುಗಿದರು. "ನೀನಾ?"

"ಬಸವಣ್ಣನಾಣಿ ಇಲ್ರೀ!"

"ನಿಧಾನ," ಎಂದರು ಮಂಜುಳಮ್ಮ. "ಗಂಟು ಕಟ್ಟಿದವರು ಒಬ್ಬರು, ಒಯ್ದವರು ಒಬ್ಬರು. ಇಬ್ಬರಲ್ಲಿ ಒಬ್ಬರು. ಒಯ್ದವನೇ ಕದ್ದಿದ್ರೆ, ಬೆಳಗ್ಗೆ ಓಡಿ ಬಂದು ತಾನೇ ಬಿಚ್ಚಿ ತೋರಿಸ್ತಿದ್ನಾ? ಸುಮ್ಮನೆ ಇದ್ದಿದ್ರೆ ಲಾರಿ ಹೊರಟುಹೋಗ್ತಿತ್ತು. ಅದೂ ಬಿಡಿ. ಬೆಳಗ್ಗೆ ನಾನು ಬಂದ ತಕ್ಷಣ ಕೇಳಿದ ಒಂದು ಮಾತಿದೆ. ನಾಗಪುರದವರೆಗೂ ನಮ್ಮ ಗಾಡಿ ಹೋಗ್ಲಿ, ಅಲ್ಲಿಂದ ಬೇರೆ ಗಾಡಿ."

ನಿತೀಶನ ಕೈಯ ಕೀ ತಿರುಗುವುದು ನಿಂತಿತು.

"ಹೇಳಪ್ಪಾ ನಿತೀಶ್. ಪರ್ಮಿಟ್ ಕಳೆದ ಗಾಡಿ ಮೊದಲು ಎಲ್ಲಿ ನಿಲ್ಲುತ್ತೆ?"

"...ಬಾಗೇಪಲ್ಲಿ ಹತ್ರ."

"ಇಲ್ಲಿಂದ ನೂರು ಕಿಲೋಮೀಟರ್. ಪರ್ಮಿಟ್ ಇಲ್ಲದವನ ಚಿಂತೆ ಆ ಮೊದಲ ಗಡಿಯದು. ನಿನಗೆ ಆ ಗಡಿಯ ಚಿಂತೆ ಇರಲಿಲ್ಲ, ಮಹಾರಾಷ್ಟ್ರದ್ದೂ ಇರಲಿಲ್ಲ. ಸಾವಿರ ಕಿಲೋಮೀಟರ್ ಆಚೆಯ ಕೊನೇ ಗಡಿ ಒಂದೇ ನಿನ್ನ ತಲೇಲಿತ್ತು. ಯಾಕೆ?"

ನಿತೀಶ್ ತನ್ನ ಬೈಕಿನ ಕಡೆ ನೋಡಿದ.

"ನಾನು ಹೇಳ್ಲಾ? ಪರ್ಮಿಟ್ ಇದೆ ಅಂತ ನಿನಗೆ ಗೊತ್ತು. ಅದರಲ್ಲಿ ಆಂಧ್ರ ಇದೆ, ಮಹಾರಾಷ್ಟ್ರ ಇದೆ. ಮಧ್ಯಪ್ರದೇಶ ಇಲ್ಲ. ಅಲ್ಲ ಅನ್ನೋದಾದ್ರೆ ಹೇಳು, ಹತ್ತೂವರೆಗೆ ಸಾರಿಗೆ ಕಚೇರಿ ಕೌಂಟರ್ ತೆಗೀತಾರೆ, ರಿಜಿಸ್ಟರ್‌ನಲ್ಲಿ ನೋಡಿಸ್ತೀನಿ."

ನಿತೀಶ್ ಎದ್ದ. ಬೈಕಿನ ಸೈಡ್ ಬಾಕ್ಸ್ ತೆರೆದು, ಪ್ಲಾಸ್ಟಿಕ್ ಕವರಿನಲ್ಲಿದ್ದ ಕಾಗದ ತಂದು ಮೇಜಿನ ಮೇಲಿಟ್ಟ. ಮೂಲೆಯ ತುಂಬ ಹಳೆಯ ಅರಿಶಿನದ ಬೊಟ್ಟುಗಳು. ಸಿದ್ಧಲಿಂಗೇಶ ಬಗ್ಗಿ ಓದಿದ.

"ಕರ್ನಾಟಕ, ಆಂಧ್ರ, ಮಹಾರಾಷ್ಟ್ರ, ತಮಿಳ್ನಾಡು... ಅಷ್ಟಾರಿ."

"ಏಪ್ರಿಲ್ಲಲ್ಲಿ ಹೊರಗಿನ ನಾಲ್ಕು ರಾಜ್ಯದ ತೆರಿಗೆಗೂ ಡಿ.ಡಿ. ಕಟ್ಟು ಅಂತ ಹೇಳಿದ್ನಲ್ಲೋ!" ಮುನಿಆಂಜನಪ್ಪನವರ ಧ್ವನಿ ಒಡೆಯಿತು. "ಕಟ್ಟಿದೀನಿ ಅಂದ್ಯಲ್ಲೋ!"

"ಮಧ್ಯಪ್ರದೇಶದ್ದು ಮಾತ್ರ ಬಾಕಿ ಇತ್ತಪ್ಪಾ. ಬ್ಯಾಂಕಿಗೆ ಅಂತ ಹೊರಟೆ. ಅವತ್ತು ಮ್ಯಾಚ್ ಇತ್ತು, ಫ್ರೆಂಡ್ಸ್ ಟಿಕೆಟ್ ಇದೆ ಅಂದ್ರು... ಆಮೇಲೆ ಕಟ್ಟೋಣ ಅನ್ಕೊಂಡೆ. ಮೂರು ತಿಂಗಳು ಆ ಕಡೆ ಲೋಡೇ ಬರ್ಲಿಲ್ಲ, ಮರ್ತೇಬಿಟ್ಟೆ. ದುಡ್ಡು ಡ್ರಾದಲ್ಲೇ ಇದೆ, ಮುಟ್ಟಿಲ್ಲ." ಅವನ ಕಣ್ಣು ತುಂಬಿತ್ತು. "ಇವನು ನಿನ್ನೆ ಪರ್ಮಿಟ್ ತೋರ್ಸಿ ಅಂದಾಗ ಭಯ ಆಯ್ತು, ಗಂಟಿಂದ ತೆಗೆದಿಟ್ಟೆ. ಬೆಳಗ್ಗೆ ಗಾಡಿ ಬಿಡೋ ಮುಂಚೆ ಗಂಟಲ್ಲಿ ಸೇರ್ಸೋಣ ಅಂತಿದ್ದೆ. ನಾಗಪುರದಲ್ಲಿ ಲೋಡ್ ಬದಲಾಯ್ಸಿದ್ರೆ ಯಾರಿಗೂ ಗೊತ್ತಾಗಲ್ಲ ಅಂತ. ನಾನು ಎದ್ದು ಬರೋಷ್ಟರಲ್ಲಿ ಬಿಚ್ಚಿಬಿಟ್ಟಿದ್ದ."

"ಬಿಚ್ಚಿದಾಗ್ಲೇ ಹೇಳ್ಬೋದಿತ್ತಲ್ಲಾ," ಎಂದರು ಮುನಿಆಂಜನಪ್ಪ.

"ಎಲ್ಲಾರೂ ಸನಾವುಲ್ಲಾ ಅಂದ್ರು. ನಾನು... ಸುಮ್ನಿದ್ದೆ."

"ಸುಮ್ನಿದ್ಯಾ?" ಮಾರಕ್ಕ ಪೊರೆಗಣ್ಣನ್ನು ಮೊಮ್ಮಗನ ಧ್ವನಿಯ ಕಡೆಗೆ ತಿರುಗಿಸಿದರು. "ಅವನ ಹಾಸಿಗೆ ಒದರ್ದಾಗ್ಲೂ ಸುಮ್ನಿದ್ಯಾ? ನಿಂಗೆ ಸೈಕಲ್ ಕಲ್ಸಿದ್ ಕೈ ಕಣೋ ಅದು."

ನಿತೀಶ್ ಗೋಡೆಗೆ ಒರಗಿ ಮುಖ ಮುಚ್ಚಿಕೊಂಡ. ಬೈಯಲು ಎದ್ದ ಮುನಿಆಂಜನಪ್ಪ ಬೈಯಲಾರದೆ ಕೂತರು. ಬೆಳಗ್ಗೆ ಎಲ್ಲರಿಗಿಂತ ಮೊದಲು ಸನಾವುಲ್ಲಾ ಎಂದವರು ತಾವೇ ಎನ್ನುವುದು ಅವರಿಗೆ ನೆನಪಾಗಿರಬೇಕು.

ಮಂಜುಳಮ್ಮ ಗಂಟು ಕಟ್ಟಿದರು.

"ಇವತ್ತು ಲಾರಿ ಹೊರಡಬಾರದು. ಇವನು ಬ್ಯಾಂಕಿಗೆ ಹೋಗಿ ಮಧ್ಯಪ್ರದೇಶದ ಡಿ.ಡಿ. ಮಾಡಿಸಲಿ. ಅರ್ಜಿ ನಾನು ಬರೆದುಕೊಡ್ತೀನಿ. ಎರಡು ಮೂರು ದಿನದಲ್ಲಿ ಹೆಸರು ಸೇರುತ್ತೆ. ಪಾರ್ಟಿಗೆ ನಿಜ ಹೇಳಿ, ತಡ ಆಗುತ್ತೆ ಅಂತ. ಹೆಸರಿಲ್ಲದೆ ಹೋಗಿದ್ರೆ ಆ ಗಡಿಯಲ್ಲಿ ಗಾಡಿ ಹಿಡಿದು ನಿಲ್ಲಿಸ್ತಿದ್ರು. ಭಾಷೆ ಬರದ ಊರಲ್ಲಿ ಸಿಕ್ಕಿಬೀಳೋನು ಡ್ರೈವರು, ನೀವಲ್ಲ."

"ಚಾರ್ಟಿನ ತಾರೀಕು ತಿದ್ದತೀನ್ರಿ ಅಕ್ಕಾರ," ಎಂದ ಸಿದ್ಧಲಿಂಗೇಶ. "ದಿನ ನಾಲ್ಕ ಇರ್ಲಿ?"

"ನಾಲ್ಕೇ ಇರ್ಲಿ," ಎಂದರು ಮುನಿಆಂಜನಪ್ಪ, ತಲೆ ಎತ್ತದೆ. "ಇಬ್ರು ಡ್ರೈವರೂ ಇರ್ಲಿ."

ನಿತೀಶ್ ಡ್ರಾದಿಂದ ಲಕೋಟೆ ತೆಗೆದುಕೊಂಡು ಬೈಕ್ ಹತ್ತಿದ. ಗೇಟಿನ ಬಳಿ ಸನಾವುಲ್ಲಾನ ಮುಂದೆ ನಿಲ್ಲಿಸಿ ಏನೋ ಹೇಳಲು ಬಾಯಿ ತೆರೆದ. ಸನಾವುಲ್ಲಾ, "ರೋಡ್ ಜಾರ್ತದೆ, ಮೆಲ್ಲಗೆ ಹೋಗಪ್ಪಾ," ಎಂದ.

ಬೈಕಿನ ಸದ್ದು ಟಿನ್ ಫ್ಯಾಕ್ಟರಿಯ ಕಡೆಗೆ ಕರಗಿದ ಮೇಲೆ ಮುನಿಆಂಜನಪ್ಪ ಚಪ್ಪಲಿ ಹಾಕಿಕೊಳ್ಳದೆ ಮೆಟ್ಟಿಲಿಳಿದರು. ಕಮರುನ್ನೀಸಾ ಎದ್ದು ಪಕ್ಕಕ್ಕೆ ಸರಿದಳು. ಅವರು ಅಂಗಿಯ ಜೇಬಿಗೆ ಕೈಹಾಕಿ ಲೈಸೆನ್ಸ್ ತೆಗೆದು, ಅದರ ಮೇಲೆ ಬಿದ್ದ ಹನಿಯನ್ನು ಹೆಗಲ ಟವೆಲಿನಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಸನಾವುಲ್ಲಾನ ಮುಂದೆ ಚಾಚಿದರು.